ತಾಮ್ರದ ಮೇಲೆ ಫಿಲಂ ಕೂರುತ್ತಿಲ್ಲ, ಏನ್ ಮಾಡ್ಲಿ?

ಹೋದ ತಿಂಗಳು ಇಸ್ತ್ರಿ ಪೆಟ್ಟಿಗೆಯಿಂದ ಟೋನರ್ (ಲೇಸರ್ ಪ್ರಿಂಟರಿನ ಕಪ್ಪು ಪುಡಿ) ತಾಮ್ರಕ್ಕೆ ಇಳಿಸಿ ಮನೆಯಲ್ಲೇ ಪಿಸಿಬಿ, ಅಂದರೆ ಸರ್ಕ್ಯೂಟ್ ಬೋರ್ಡ್ ಮಾಡುವುದನ್ನು ಬರೆದಿದ್ದೆ. ಕೊನೆಯಲ್ಲಿ, 0.3 ಮಿಲಿಮೀಟರಿಗಿಂತ ಸಣ್ಣ ಟ್ರ್ಯಾಕ್ (ಬೋರ್ಡಿನ ಮೇಲಿನ ತಾಮ್ರದ ಗೆರೆ) ಬೇಕಾದರೆ ಟೋನರ್ ಬಿಟ್ಟು ಫೋಟೋರೆಸಿಸ್ಟ್ ಹಿಡಿಯಿರಿ ಅಂತ ಒಂದೇ ಒಂದು ಸಾಲು ಸೇರಿಸಿದ್ದೆ. ಈ ಸಲ ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಮೇಲೇ! ಹಾಗಾಗಿ ಇಡೀ ಅಂಕಣ ಅದಕ್ಕೇ.

ಹೊಸಬರಿಗೆ ಎರಡೇ ಮಾತು. ಫೋಟೋರೆಸಿಸ್ಟ್ ಅಂದರೆ ಬೆಳಕು ಬಿದ್ದರೆ ಗುಣ ಬದಲಾಗುವ ಲೇಪ. ಅದನ್ನು ತಾಮ್ರದ ಬೋರ್ಡಿನ ಮೇಲೆ ಕೂರಿಸಿ, ಮೇಲೆ ಸರ್ಕ್ಯೂಟ್ ಪ್ರಿಂಟ್ ಮಾಡಿದ ಶೀಟ್ ಇಟ್ಟು, ಯುವಿ (ನೇರಳಾತೀತ) ಬೆಳಕು ಬಿಟ್ಟು, ವಾಷಿಂಗ್ ಸೋಡಾ ಬೆರೆಸಿದ ನೀರಲ್ಲಿ ತೊಳೆದರೆ ಬೇಕಾದ ಕಡೆ ಮಾತ್ರ ಲೇಪ ಉಳಿಯುತ್ತದೆ. ಉಳಿದ ಕಡೆಯ ತಾಮ್ರವನ್ನು ಫೆರಿಕ್ ಕ್ಲೋರೈಡ್ ದ್ರಾವಣ ತಿಂದುಹಾಕುತ್ತದೆ, ಅದಕ್ಕೇ ಎಚ್ ಮಾಡುವುದು ಅನ್ನುತ್ತಾರೆ. ಮನೆಯಲ್ಲಿ ಮಾಡುವವರು ಜಾಸ್ತಿ ಬಳಸುವುದು ನೀಲಿ ಬಣ್ಣದ ಡ್ರೈ ಫಿಲಂ, ಸುರುಳಿಯಲ್ಲಿ ಸಿಗುತ್ತದಲ್ಲ, ಅದು.

ಫಿಲಂ ಅಂಟಿಸಿದಾಗ ಎಲ್ಲಾ ಕಡೆ ಗುಳ್ಳೆ. ಸೂಜಿಯಿಂದ ಚುಚ್ಚಿ ಮತ್ತೆ ಇಸ್ತ್ರಿ ಮಾಡಿದೆ, ಆ ಜಾಗದಲ್ಲೇ ಟ್ರ್ಯಾಕ್ ತುಂಡಾಯಿತು. ಕಡಿಮೆ ದರ್ಜೆಯ ಫಿಲಂ ಇರಬಹುದಾ?
— ಹಾಸನದ ಓದುಗರು, ರೇಡಿಯೋ ರಿಪೇರಿ

ಫಿಲಂ ಮೇಲೆ ತಪ್ಪು ಹೊರಿಸುವ ಮುಂಚೆ ತಾಮ್ರ ನೋಡೋಣ. ನನಗೆ ಬಂದ ಹತ್ತು ಪತ್ರದಲ್ಲಿ ಏಳೆಂಟರ ಕಥೆ ಇದೇ. ಬೆಳಕಿನ ಪೆಟ್ಟಿಗೆಗೆ ಇನ್ನಿಲ್ಲದ ಖರ್ಚು ಮಾಡಿರುತ್ತಾರೆ, ಬೋರ್ಡನ್ನು ಮಾತ್ರ ಕರ್ಚೀಫಿನಲ್ಲಿ ಒರೆಸಿ ಮುಗಿಸಿರುತ್ತಾರೆ. ಬೆಳಕು ಬೀಳುವ ಮೊದಲೇ ಕೆಲಸ ಕೆಟ್ಟಿರುತ್ತದೆ.

ಹೊಸ ಬೋರ್ಡ್ ಕಣ್ಣಿಗೆ ಫಳಫಳ ಅನ್ನುತ್ತದೆ. ಆದರೆ ಅದರ ಮೇಲೆ ಬೆರಳಿನ ಎಣ್ಣೆ ಇರುತ್ತದೆ, ಹಳೆಯದಾದರೆ ಕಿಲುಬೂ ಇರುತ್ತದೆ. ಕಿಲುಬಿಗೆ ಮನೆಯ ತಾಮ್ರದ ಬಿಂದಿಗೆಗೆ ಮಾಡುವ ಉಪಾಯವೇ ಸಾಕು: ಹುಣಸೆಹಣ್ಣು. ಉಜ್ಜಿ, ಚೆನ್ನಾಗಿ ನೀರಲ್ಲಿ ತೊಳೆಯಿರಿ. ಆಮೇಲೆ ಪಾತ್ರೆ ತೊಳೆಯುವ ಪುಡಿ ಮತ್ತು ಹಸಿರು ನಾರಿನಿಂದ ಒಂದು ಸಲ ಅಡ್ಡ, ಒಂದು ಸಲ ಉದ್ದ ಉಜ್ಜಿ. ಸಣ್ಣ ಗೀರು ಬೀಳಲಿ, ಅದರಿಂದಲೇ ಫಿಲಂಗೆ ಹಿಡಿತ ಸಿಗುವುದು. ಆದರೆ ದಪ್ಪ ಉಪ್ಪುಕಾಗದ ಬೇಡ. ಸಾಮಾನ್ಯ ಬೋರ್ಡಿನ ತಾಮ್ರ ಇರುವುದೇ 35 ಮೈಕ್ರಾನ್ ದಪ್ಪ. ಆಳವಾದ ಗೀರು ಬಿದ್ದರೆ ಫಿಲಂ ಕೆಳಗೆ ಕಾಲುವೆ ತೋಡಿದ ಹಾಗೆ, ಎಚ್ ಮಾಡುವಾಗ ಫೆರಿಕ್ ಕ್ಲೋರೈಡ್ ಆ ದಾರಿ ಹಿಡಿದು ಒಳಗೆ ನುಗ್ಗುತ್ತದೆ.

ಈಗ ಪರೀಕ್ಷೆ. ಬೋರ್ಡನ್ನು ಅಂಚು ಹಿಡಿದು ನಲ್ಲಿ ಕೆಳಗೆ ಹಿಡಿಯಿರಿ, ಆಮೇಲೆ ಓರೆ ಮಾಡಿ ನಿಲ್ಲಿಸಿ. ನೀರು ಒಂದೇ ಹಾಳೆಯ ಹಾಗೆ ಮುಚ್ಚಿಕೊಂಡು ನಿಂತರೆ ಸರಿ. ಕೆಸುವಿನ ಎಲೆ ಮೇಲಿನ ಹಾಗೆ ಹನಿ ಹನಿಯಾಗಿ ಒಡೆದರೆ ಅಲ್ಲಿ ಜಿಡ್ಡಿದೆ, ಮತ್ತೆ ಉಜ್ಜಿ. ನಾನು ಎಷ್ಟೋ ಸಲ ಮೂರನೇ ಸುತ್ತಿಗೆ ಪಾಸಾಗಿದ್ದೇನೆ. ಪಾಸಾದ ಮೇಲೆ ತಾಮ್ರದ ಮೇಲೆ ಬೆರಳಿಡಬೇಡಿ. ಒಂದು ಬೆರಳಚ್ಚು ಸಾಕು, ಫಿಲಂ ಎದ್ದಾಗ ಅದರ ಗೆರೆಗಳು ಹಾಗೇ ಕಾಣುತ್ತವೆ.

ಇನ್ನು ಗಾಳಿ. ಒಣಗಿದ ಬೋರ್ಡಿಗೆ ಒಣ ಫಿಲಂ ಅಂಟಿಸಲು ಕೈ ಪಳಗಿರಬೇಕು. ಮೊದಲ ಸಲ ಮಾಡುವವರು ನೀರಿನ ದಾರಿ ಹಿಡಿಯಿರಿ. ಮೊಬೈಲ್ ಅಂಗಡಿ ಹುಡುಗ ಸ್ಕ್ರೀನ್ ಗಾರ್ಡ್ ಹಾಕುವುದನ್ನು ನೋಡಿದ್ದೀರಲ್ಲ, ಸುಮಾರು ಹಾಗೇ. ಬೋರ್ಡಿನ ಮೇಲೆ ತೆಳ್ಳಗೆ ನೀರು ಚಿಮುಕಿಸಿ ಫಿಲಂ ಇಳಿಸಿ. ಅದು ನೀರಿನ ಮೇಲೆ ಜಾರುತ್ತದೆ, ಬೇಕಾದ ಕಡೆ ಸರಿಸಬಹುದು. ಹಳೆಯ ಎಟಿಎಂ ಕಾರ್ಡಿಗೆ ಮೆತ್ತನೆ ಬಟ್ಟೆ ಸುತ್ತಿ ನಡುವಿನಿಂದ ಅಂಚಿಗೆ ನೀರನ್ನೂ ಗಾಳಿಯನ್ನೂ ತಳ್ಳಿ. ಅಂಚನ್ನು ಒರೆಸಿ, ಹೊರಗೆ ಚಾಚಿದ ಫಿಲಂ ಕತ್ತರಿಸಿ. ಇಲ್ಲವಾದರೆ ಲ್ಯಾಮಿನೇಟರಿನ ರೋಲರಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಬಿಸಿ.

ಬಿಸಿ ಎಷ್ಟು ಅಂದರೆ ಸುಮಾರು 100ರಿಂದ 115 ಡಿಗ್ರಿ. ಐಡಿ ಕಾರ್ಡ್ ಮಾಡುವ ಲ್ಯಾಮಿನೇಟರ್ ಇದ್ದರೆ ಐದಾರು ಸಲ ಹಾಯಿಸಿ, ಪ್ರತಿ ಸಲ ಬೋರ್ಡ್ ತಿರುಗಿಸಿ. ಅಗ್ಗದ ಯಂತ್ರದಲ್ಲಿ 1.6 ಮಿಲಿಮೀಟರ್ ಬೋರ್ಡ್ ಸಿಕ್ಕಿಹಾಕಿಕೊಳ್ಳಬಹುದು, ಅಂಥ ಕಡೆ 0.8ರದ್ದು ತನ್ನಿ. ಇಸ್ತ್ರಿ ಪೆಟ್ಟಿಗೆಯೇ ಗತಿ ಅಂದರೆ ರೇಷ್ಮೆಗೆ ಇಡುವ ಬಿಸಿ, ನಡುವೆ ಒಂದು ಬಿಳಿ ಹಾಳೆ, ಹಬೆ ಬಂದ್. ಅಂಟಲಿಲ್ಲ ಅಂತ ಸಿಟ್ಟು ಮಾಡಿಕೊಂಡು ಬಿಸಿ ಏರಿಸಬೇಡಿ. ಅತಿಯಾದ ಬಿಸಿಗೂ ಫಿಲಂ ಗಟ್ಟಿಯಾಗುತ್ತದೆ, ಆಮೇಲೆ ಸೋಡಾ ನೀರಿಗೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ.

ಸೂಜಿ ಚುಚ್ಚಿದ್ದಕ್ಕೆ ಟ್ರ್ಯಾಕ್ ತುಂಡಾಗಿದೆ, ಅಷ್ಟೇ. ಗುಳ್ಳೆ ಬಂದ ಫಿಲಂ ಕಿತ್ತೆಸೆದು ಹೊಸ ತುಂಡು ಹಾಕಿ. ಫಿಲಂ ತುಂಡಿಗಿಂತ ನಿಮ್ಮ ಸಂಜೆ ದುಬಾರಿ.

ಫಿಲಂನಲ್ಲಿ ಎರಡು ಪದರ ಪ್ಲಾಸ್ಟಿಕ್ ಇದೆ ಅಂತಾರೆ. ಯಾವುದನ್ನು ಯಾವಾಗ ತೆಗೀಬೇಕು?
— ಡಿಪ್ಲೊಮಾ ವಿದ್ಯಾರ್ಥಿನಿ, ದಾವಣಗೆರೆ

ಸುರುಳಿಯ ಒಳಮೈಗೆ ಇರುವುದು ಮೆತ್ತನೆಯ ಪಾಲಿಥೀನ್. ಅದನ್ನು ಅಂಟಿಸುವ ಮೊದಲು ತೆಗೆಯಬೇಕು. ಉಗುರಿಗೆ ಸಿಗುವುದಿಲ್ಲ, ಮೂಲೆಯ ಎರಡೂ ಬದಿಗೆ ಸೆಲ್ಲೋಟೇಪ್ ಅಂಟಿಸಿ ಎಳೆಯಿರಿ, ಟಪ್ ಅಂತ ಬಿಡಿಸಿಕೊಳ್ಳುತ್ತದೆ. ಹೊರಮೈಯ ಗಟ್ಟಿ ಪಾಲಿಯೆಸ್ಟರ್ ಹಾಳೆ ಬೆಳಕು ಬಿಟ್ಟು ಮುಗಿಯುವವರೆಗೂ ಅಲ್ಲೇ ಇರಲಿ. ಅದು ಗಾಳಿಯ ಆಮ್ಲಜನಕವನ್ನು ದೂರ ಇಡುತ್ತದೆ. ಆಮ್ಲಜನಕ ಸೇರಿದರೆ ಫಿಲಂ ಸರಿಯಾಗಿ ಗಟ್ಟಿಯಾಗುವುದಿಲ್ಲ. ಬೆಳಕು ಬಿಟ್ಟ ಮೇಲೂ ಒಂದು ಕಾಲು ಗಂಟೆ ಕಾಯಿರಿ, ಒಳಗಿನ ಕ್ರಿಯೆ ಇನ್ನೂ ನಡೀತಾ ಇರುತ್ತದೆ. ಆಮೇಲೆ ನಿಧಾನವಾಗಿ ಎಳೆದು ತೆಗೆಯಿರಿ. ನೀಲಿ ಲೇಪವೂ ಜೊತೆಗೇ ಎದ್ದು ಬಂದರೆ ಹಾಸನದವರಿಗೆ ಕೊಟ್ಟ ಉತ್ತರ ಮತ್ತೊಮ್ಮೆ ಓದಿ.

ನಮ್ಮದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಮಗ ಸರ್ಕ್ಯೂಟ್ ಮಾಡ್ತಾನೆ. ನಾವು ಸ್ಕ್ರೀನಿಗೆ ಬಳಿಯುವ ಎಮಲ್ಷನ್ನನ್ನೇ ತಾಮ್ರಕ್ಕೆ ಬಳಿದರೆ ಆಗಲ್ವಾ? ಅವನು ನಮ್ಮ ಪಾಸಿಟಿವ್ ಇಟ್ಟು ಡ್ರೈ ಫಿಲಂ ಮಾಡಿದಾಗ ಎಲ್ಲಾ ಉಲ್ಟಾ ಬಂತು, ಅದ್ಯಾಕೆ?
— ಹುಬ್ಬಳ್ಳಿಯ ಓದುಗರು

ಅಕ್ಕಾ, ಈ ಸಲದ ಒಳ್ಳೆಯ ಪ್ರಶ್ನೆ ನಿಮ್ಮದೇ. ಮೊದಲು ಉಲ್ಟಾ ಯಾಕೆ ಅಂತ ನೋಡೋಣ.

ನಿಮ್ಮ ಎಮಲ್ಷನ್ನೂ ಡ್ರೈ ಫಿಲಂ ಜಾತಿಯದೇ. ಎರಡೂ ಬೆಳಕು ಬಿದ್ದ ಕಡೆ ಗಟ್ಟಿಯಾಗುತ್ತವೆ. ವ್ಯತ್ಯಾಸ ಇರುವುದು ಬಳಕೆಯಲ್ಲಿ. ನೀವು ಕಪ್ಪು ಅಕ್ಷರದ ಪಾಸಿಟಿವ್ ಇಡುತ್ತೀರಿ, ಅಕ್ಷರದ ಕೆಳಗೆ ಬೆಳಕು ಬೀಳುವುದಿಲ್ಲ, ಅಲ್ಲಿನ ಎಮಲ್ಷನ್ ನೀರಿಗೆ ಬಿಟ್ಟು ಹೋಗುತ್ತದೆ. ತೆರೆದ ಆ ಜಾಲರಿಯಲ್ಲಿ ಇಂಕ್ ಇಳಿದು ಅಕ್ಷರ ಮೂಡುತ್ತದೆ. ಅಂದರೆ ಎಮಲ್ಷನ್ ಹೋದ ಜಾಗ ನಿಮಗೆ ಬೇಕು. ಬೋರ್ಡಿನಲ್ಲಿ ಹಾಗಲ್ಲ, ಲೇಪ ಉಳಿದ ಜಾಗವೇ ಟ್ರ್ಯಾಕ್. ಹಾಗಾಗಿ ಟ್ರ್ಯಾಕ್ ಪಾರದರ್ಶಕವಾಗಿದ್ದು ಉಳಿದದ್ದೆಲ್ಲ ಕಪ್ಪಾಗಿರಬೇಕು. ಮಗನಿಗೆ ನೆಗೆಟಿವ್ ತೆಗೆಸಿಕೊಡಿ, ಅಷ್ಟೇ.

ಎಮಲ್ಷನ್ ತಾಮ್ರಕ್ಕೆ ಬಳಿಯುವ ಬಗ್ಗೆ: ಬೇಡ ಅಂತೀನಿ. ಅದು ನೀರಲ್ಲಿ ತೊಳೆಯಲೆಂದೇ ಮಾಡಿದ್ದು, ಜಾಲರಿಯ ಎಳೆಗಳನ್ನು ಅಪ್ಪಿಕೊಂಡು ನಿಲ್ಲುತ್ತದೆ. ನುಣುಪಾದ ತಾಮ್ರದ ಮೇಲೆ ಆ ಹಿಡಿತ ಇಲ್ಲ, ಫೆರಿಕ್ ಕ್ಲೋರೈಡಿನ ನೀರಲ್ಲಿ ನೆನೆದು ಎದ್ದೇಳುತ್ತದೆ. ಹಳೇ ಕಾಲದ ಜೆಲಾಟಿನ್–ಬೈಕ್ರೋಮೇಟ್ ಡಬ್ಬಿ ಅಂಗಡಿಯಲ್ಲಿ ಇನ್ನೂ ಇದ್ದರೆ ಅದನ್ನಂತೂ ಹುಡುಗನ ಕೈಗೆ ಕೊಡಬೇಡಿ, ಆ ಕಿತ್ತಳೆ ಪುಡಿ ಕ್ಯಾನ್ಸರ್ ತರುವಂಥದ್ದು.

ಆದರೆ ನಿಮ್ಮ ಹತ್ತಿರ ಅದಕ್ಕಿಂತ ಒಳ್ಳೆಯ ದಾರಿ ಇದೆ. ಒಂದೇ ಬೋರ್ಡ್ ಐವತ್ತು ಬೇಕು ಅಂದಾಗ ಸ್ಕ್ರೀನ್ ಮಾಡಿ, ಎಚ್ ರೆಸಿಸ್ಟ್ ಇಂಕ್ (ಫೆರಿಕ್ ಕ್ಲೋರೈಡ್ ತಿನ್ನದ ಇಂಕ್) ಹಾಕಿ, ತಾಮ್ರದ ಮೇಲೆ ನೇರವಾಗಿ ಪ್ರಿಂಟ್ ಎಳೆದುಬಿಡಿ. ಆಗ ನಿಮ್ಮ ಪಾಸಿಟಿವ್ವೇ ಸರಿ. ತೀರಾ ಸಣ್ಣ ಟ್ರ್ಯಾಕಿಗೆ ಮಾತ್ರ ಫಿಲಂ. ನಿಮ್ಮ ಎಕ್ಸ್‌ಪೋಸಿಂಗ್ ಪೆಟ್ಟಿಗೆ, ಹಳದಿ ದೀಪದ ಕೋಣೆ ಎರಡೂ ಅವನಿಗೆ ರೆಡಿ ಇವೆ. ನಾವೆಲ್ಲ ಬಚ್ಚಲುಮನೆಯ ಬಲ್ಬಿಗೆ ಹೂಗುಚ್ಛದ ಹಳದಿ ಜಿಲೆಟಿನ್ ಕಾಗದ ಸುತ್ತಿ ಕೆಲಸ ಮಾಡುವವರು!

ಉಗುರು ಬಣ್ಣ ಒಣಗಿಸುವ ಯುವಿ ದೀಪ ತಂದಿದ್ದೇನೆ, 36 ವಾಟ್. ಎಷ್ಟು ನಿಮಿಷ ಇಡಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಿಸಿಲಲ್ಲೇ ಇಟ್ಟರೆ?
— ನಿವೃತ್ತ ಶಿಕ್ಷಕರು, ಮೈಸೂರು

ಮೇಷ್ಟ್ರೇ, ಒಬ್ಬೊಬ್ಬರು ಒಂದೊಂದು ಹೇಳುವುದು ಸರಿಯೇ, ಯಾಕೆಂದರೆ ಒಬ್ಬೊಬ್ಬರ ದೀಪ ಒಂದೊಂದು ದೂರದಲ್ಲಿ ಇರುತ್ತದೆ. ನನ್ನ ಪೆಟ್ಟಿಗೆಯಲ್ಲಿ 90 ಸೆಕೆಂಡ್. ಅದನ್ನು ನಂಬಿ ನೀವು ಮಾಡಿದರೆ ಕೆಡಬಹುದು. ನಿಮ್ಮ ಸಮಯ ನೀವೇ ಕಂಡುಹಿಡಿಯಬೇಕು, ಅದಕ್ಕೆ ಬೇಕಾದ್ದು ಒಂದು ಚೂರು ಬೋರ್ಡ್ ಮಾತ್ರ.

ಬೆರಳುದ್ದದ ತುಂಡಿಗೆ ಫಿಲಂ ಅಂಟಿಸಿ. ಮೇಲೆ ಸಣ್ಣ ಗೆರೆಗಳಿರುವ ನೆಗೆಟಿವ್ ಇಟ್ಟು ಗಾಜು ಹೇರಿ. ರಟ್ಟಿನಿಂದ ಪೂರ್ತಿ ಮುಚ್ಚಿ, ದೀಪ ಹಾಕಿ, 15 ಸೆಕೆಂಡಿಗೊಮ್ಮೆ ರಟ್ಟನ್ನು ಅರ್ಧ ಬೆರಳಗಲ ಹಿಂದಕ್ಕೆ ಸರಿಸುತ್ತಾ ಹೋಗಿ. ಏಳು ಸಲ ಸರಿಸಿದರೆ ಒಂದು ತುದಿಗೆ 105 ಸೆಕೆಂಡ್ ಬೆಳಕು ಬಿದ್ದಿರುತ್ತದೆ, ಇನ್ನೊಂದು ತುದಿಗೆ 15. ಬೆಳಕು ಬಿದ್ದ ಕಡೆ ತಿಳಿನೀಲಿ ಕಡುನೀಲಿಯಾಗುವುದು ಕಣ್ಣಿಗೇ ಕಾಣುತ್ತದೆ. ಸೋಡಾ ನೀರಲ್ಲಿ ತೊಳೆದು ಡೆವಲಪ್ ಮಾಡಿ ನೋಡಿ. ಕಡಿಮೆ ಬೆಳಕಿನ ಕಡೆ ಗೆರೆಗಳು ಮೆತ್ತಗಾಗಿ ಎದ್ದು ಹೋಗಿರುತ್ತವೆ. ಜಾಸ್ತಿ ಬಿದ್ದ ಕಡೆ ಗೆರೆಗಳ ನಡುವಿನ ಸಂದಿ ಮುಚ್ಚಿಕೊಂಡಿರುತ್ತದೆ, ಯಾಕೆಂದರೆ ಟೋನರ್ ಕಪ್ಪಗೆ ಕಂಡರೂ ಸ್ವಲ್ಪ ಬೆಳಕು ಸೋರುತ್ತದೆ. ನಡುವೆ ಗೆರೆ, ಸಂದಿ ಎರಡೂ ಚೆನ್ನಾಗಿರುವ ಒಂದು ಪಟ್ಟಿ ಸಾಮಾನ್ಯವಾಗಿ ಇರುತ್ತದೆ. ಅದೇ ನಿಮ್ಮ ಸಮಯ. ಪೆಟ್ಟಿಗೆ ಮೇಲೆ ಬರೆದಿಡಿ. ಅಂಥ ಪಟ್ಟಿಯೇ ಕಾಣದಿದ್ದರೆ ದೋಷ ಪ್ರಿಂಟಿನದು: ಎರಡು ಪ್ರಿಂಟ್ ತೆಗೆದು ಒಂದರ ಮೇಲೊಂದು ಸರಿಯಾಗಿ ಕೂರಿಸಿ.

ಪ್ರಿಂಟ್ ಬಗ್ಗೆ ಇನ್ನೂ ಒಂದು ಮಾತು, ಇದನ್ನು ತುಂಬಾ ಜನ ಬಿಡುತ್ತಾರೆ. ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಪ್ರಿಂಟ್ ಹಾಕಿ, ಟೋನರ್ ಇರುವ ಮೈ ಫಿಲಂಗೆ ತಾಗುವ ಹಾಗೆ ಇಡಿ. ಓಎಚ್‌ಪಿ ಶೀಟ್ (ಪ್ರಿಂಟ್ ಹಾಕುವ ಪಾರದರ್ಶಕ ಹಾಳೆ) ಸುಮಾರು 0.1 ಮಿಲಿಮೀಟರ್ ದಪ್ಪ. ಟೋನರ್ ಮೇಲ್ಮೈಗೆ ಇದ್ದರೆ ಆ ದಪ್ಪದಲ್ಲಿ ಬೆಳಕು ಓರೆಯಾಗಿ ನುಸುಳುತ್ತದೆ. 1 ಮಿಲಿಮೀಟರ್ ಟ್ರ್ಯಾಕಿಗೆ ಇದು ಲೆಕ್ಕಕ್ಕಿಲ್ಲ, 0.2ರ ಟ್ರ್ಯಾಕಿಗೆ ಪ್ರಾಣಸಂಕಟ. ಒತ್ತಲು ಕಿಟಕಿಯ ಮಾಮೂಲಿ ಗಾಜು ಸಾಕು, 365 ನ್ಯಾನೋಮೀಟರ್ ಬೆಳಕನ್ನು ಅದು ಬಹುಪಾಲು ಬಿಟ್ಟುಕೊಡುತ್ತದೆ. ಅಕ್ರಿಲಿಕ್ ಶೀಟಿನಲ್ಲಿ ಕೆಲವು ಯುವಿಯನ್ನೇ ತಡೆಯುತ್ತವೆ, ತಂಟೆ ಬೇಡ.

ಬಿಸಿಲಲ್ಲಿ ಖಂಡಿತ ಆಗುತ್ತದೆ, ಮಧ್ಯಾಹ್ನದ ಬಿಸಿಲಿಗೆ ನಿಮಿಷದೊಳಗೇ ಮುಗಿಯುತ್ತದೆ. ಆದರೆ ಒಂದು ಮೋಡ ಅಡ್ಡ ಬಂದರೆ ಲೆಕ್ಕ ತಪ್ಪಿತು. ದೀಪ ಇದೆಯಲ್ಲ, ಅದನ್ನೇ ಬಳಸಿ.

ಸೋಡಾ ನೀರಲ್ಲಿ ಅರ್ಧ ಗಂಟೆ ಬಿಟ್ಟೆ, ಫಿಲಂ ಕದಲಲೇ ಇಲ್ಲ. ಅಡುಗೆ ಸೋಡಾ ನಾಲ್ಕು ಚಮಚ ಹಾಕಿದ್ದೆ. ನಮ್ಮದು ಬೋರ್‌ವೆಲ್ ನೀರು, ಅದರಿಂದಲೇ?
— ಶಿವಮೊಗ್ಗ

ಮೊದಲು, ಮೇಲಿನ ಪಾಲಿಯೆಸ್ಟರ್ ಹಾಳೆ ತೆಗೆದಿದ್ರಾ? ನಗಬೇಡಿ, ನಾನೇ ಎರಡು ಸಲ ಮರೆತಿದ್ದೇನೆ. ಒಂದು ಸಲವಂತೂ ಬ್ರಷ್ ಹಾಕಿ ಉಜ್ಜಿ ಉಜ್ಜಿ ಕೈ ನೋವು ಬಂದ ಮೇಲೆ ಮೂಲೆಯಲ್ಲಿ ಪ್ಲಾಸ್ಟಿಕ್ ಮಿನುಗಿದ್ದು ಕಂಡಿತು.

ತೆಗೆದಿದ್ದರೆ ತಪ್ಪು ಸೋಡಾದ್ದು. ಬೇಕಾದ್ದು ಬಟ್ಟೆಗೆ ಹಾಕುವ ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್. ಅಡುಗೆ ಸೋಡಾ ಬೈಕಾರ್ಬೊನೇಟ್, ಅದಕ್ಕೆ ಈ ಫಿಲಂ ಕರಗಿಸುವ ಶಕ್ತಿ ಸಾಲದು. ಒಂದು ಲೀಟರಿಗೆ 10 ಗ್ರಾಂ ಪುಡಿ, ನೀರು ಉಗುರುಬೆಚ್ಚಗೆ, 30 ಡಿಗ್ರಿ ಸುಮಾರು. ಅಂಗಡಿಯಲ್ಲಿ ಸಿಕ್ಕಿದ್ದು ಪುಡಿಯಲ್ಲ, ಗಾಜಿನ ಹರಳಿನಂಥದ್ದು ಅಂದರೆ ಅದರೊಳಗೆ ನೀರಿನ ಅಂಶ ಸೇರಿದೆ, ಆಗ 27 ಗ್ರಾಂ ಬೇಕು. ವಾಷಿಂಗ್ ಸೋಡಾ ಸಿಗದಿದ್ದರೆ ಅಡುಗೆ ಸೋಡಾವನ್ನೇ ಕಬ್ಬಿಣದ ಬಾಣಲೆಯಲ್ಲಿ ಚೆನ್ನಾಗಿ ಹುರಿಯಿರಿ. ನೀರಿನಾವಿ ಮತ್ತು ಕಾರ್ಬನ್ ಡೈಆಕ್ಸೈಡ್ ಹೊರಟು ಅದೇ ಕಾರ್ಬೊನೇಟ್ ಆಗುತ್ತದೆ. 100 ಗ್ರಾಂ ಹಾಕಿದ್ದು 63 ಗ್ರಾಮಿಗೆ ಇಳಿದರೆ ಪೂರ್ತಿ ಆಯಿತು ಅಂತ ಲೆಕ್ಕ.

ಬೋರ್‌ವೆಲ್ ನೀರಿಗೆ ಸೋಡಾ ಹಾಕಿದರೆ ಸುಣ್ಣದ ಅಂಶ ಕೂಡಿಕೊಂಡು ಹಾಲಿನ ಹಾಗೆ ಮಸುಕಾಗುತ್ತದೆ. ನೋಡಲು ಕೆಟ್ಟದಾಗಿದ್ದರೂ ಅದು ನುಂಗುವ ಸೋಡಾ ಸ್ವಲ್ಪವೇ. ತಿಳಿಯಾಗಲು ಬಿಟ್ಟು ಮೇಲಿನ ನೀರು ಬಳಸಿ.

ಇಷ್ಟಾಗಿಯೂ ಬಿಡದಿದ್ದರೆ ಫಿಲಂ ಮೊದಲೇ ಗಟ್ಟಿಯಾಗಿದೆ. ಟ್ಯೂಬ್‌ಲೈಟ್ ಕೆಳಗೆ ತುಂಬಾ ಹೊತ್ತು ಬಿದ್ದಿತ್ತೋ, ಇಸ್ತ್ರಿ ಜಾಸ್ತಿ ಕಾದಿತ್ತೋ ಯೋಚಿಸಿ.

ಬಿಟ್ಟಾಗಲೂ ಪೂರ್ತಿ ಬಿಟ್ಟಿದೆ ಅಂತ ಕಣ್ಣನ್ನು ನಂಬಬೇಡಿ. ತೆಳ್ಳನೆಯ ಪೊರೆ ಉಳಿದರೆ ಕಾಣಿಸುವುದಿಲ್ಲ. ನನ್ನ ಉಪಾಯ: ತೊಳೆದ ಬೋರ್ಡನ್ನು ಫೆರಿಕ್ ಕ್ಲೋರೈಡಿನಲ್ಲಿ ಹತ್ತು ಸೆಕೆಂಡ್ ಅದ್ದಿ ತೆಗೆದು ನೀರಲ್ಲಿ ಅಲುಗಿಸಿ. ಬರೀ ತಾಮ್ರ ಇದ್ದ ಕಡೆ ಹೊಳಪು ಹೋಗಿ ಮಂಕು ಗುಲಾಬಿ ಬಣ್ಣ ಬರುತ್ತದೆ. ಎಲ್ಲಾದರೂ ಇನ್ನೂ ಫಳಫಳ ಅನ್ನುತ್ತಿದ್ದರೆ ಅಲ್ಲಿ ಪೊರೆ ಇದೆ. ಮತ್ತೆ ಸೋಡಾ ನೀರಿಗೆ ಹಾಕಿ ಮೆತ್ತನೆ ಬ್ರಷ್ ಆಡಿಸಿ. ಈ ಹತ್ತು ಸೆಕೆಂಡ್ ಎಷ್ಟು ಬೋರ್ಡ್ ಉಳಿಸಿದೆಯೋ ಲೆಕ್ಕ ಇಟ್ಟಿಲ್ಲ.

ಮಳೆಗಾಲದಲ್ಲಿ ಫಿಲಂ ಹೇಗೆ ಇಡುವುದು? ಅಂಚೆಲ್ಲಾ ಅಂಟಿಕೊಂಡು ಕೂತಿದೆ.
— ಉಡುಪಿ

ಸೆಕೆ, ತೇವ ಎರಡೂ ಅದಕ್ಕೆ ಆಗದು. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಿಗಿಯಾದ ಡಬ್ಬಿಗೆ ಹಾಕಿ, ಫ್ರಿಜ್ಜಿನ ಕೆಳಖಾನೆಯಲ್ಲಿ ಇಡಿ, ಫ್ರೀಜರಿನಲ್ಲಿ ಬೇಡ. ಮೇಲೆ ದೊಡ್ಡದಾಗಿ ಬರೆಯಿರಿ, ಮನೆಯವರು ತಿಂಡಿ ಡಬ್ಬಿ ಅಂದುಕೊಂಡಾರು. ಹೊರ ತೆಗೆದ ಕೂಡಲೇ ಬಿಚ್ಚಬೇಡಿ, ಡಬ್ಬಿ ಕೋಣೆಯ ಬಿಸಿಗೆ ಬರಲಿ, ಇಲ್ಲವಾದರೆ ಫಿಲಂ ಬೆವರುತ್ತದೆ. ಅಂಚು ಅಂಟಿದ್ದನ್ನು ಕತ್ತರಿಸಿ ನಡುವಿನದ್ದು ಬಳಸಿ ನೋಡಿ. ನನಗೂ ಒಬ್ಬ ಅಂಗಡಿಯವರು ಎಷ್ಟು ಹಳೆಯದೋ ಏನೋ, ಬಿಸಿಲಿಗೆ ಇಟ್ಟಿದ್ದ ಸುರುಳಿ ಕೊಟ್ಟಿದ್ದರು. ಮುಟ್ಟಿದರೆ ಹಳೇ ಹಪ್ಪಳದ ಹಾಗೆ ಮುರಿಯುತ್ತಿತ್ತು. ಈಗ ಒಂದು ಮೀಟರಿಗಿಂತ ಜಾಸ್ತಿ ಕೊಳ್ಳುವುದೇ ಇಲ್ಲ.

ಸ್ಪ್ರೇ ಡಬ್ಬಿಯಲ್ಲಿ ಬರುವ ರೆಸಿಸ್ಟ್ ಒಳ್ಳೆಯದಾ, ಫಿಲಂ ಒಳ್ಳೆಯದಾ? ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿದರೆ ಎರಡಕ್ಕೂ ತಲೆ ಅಲ್ಲಾಡಿಸುತ್ತಾರೆ.
— ಬೆಂಗಳೂರು

ನನ್ನ ಮತ ಫಿಲಂಗೆ. ಪಾಸಿಟಿವ್ 20 ಅನ್ನುವ ಸ್ಪ್ರೇ ಹಳಬರಿಗೆ ಗೊತ್ತು. ಹೆಸರೇ ಹೇಳುವ ಹಾಗೆ ಅದು ಪಾಸಿಟಿವ್: ಬೆಳಕು ಬಿದ್ದ ಕಡೆ ಕರಗುತ್ತದೆ. ಹಾಗಾಗಿ ಟ್ರ್ಯಾಕ್ ಕಪ್ಪಗಿರುವ ಪ್ರಿಂಟೇ ಸಾಕು, ಅದೊಂದು ಸುಖ. ಡೆವಲಪ್ ಮಾಡಲು ವಾಷಿಂಗ್ ಸೋಡಾ ಅಲ್ಲ, ಲೀಟರಿಗೆ 7 ಗ್ರಾಂ ಕಾಸ್ಟಿಕ್ ಸೋಡಾ.

ಕಷ್ಟ ಇರುವುದು ಬಳಿಯುವುದರಲ್ಲಿ. ಬೋರ್ಡ್ ಮಟ್ಟವಾಗಿ ಮಲಗಿಸಿ, ಅಂಕುಡೊಂಕಾಗಿ ಒಂದೇ ಸಮ ಸಿಂಪಡಿಸಿ, ಕತ್ತಲಲ್ಲಿ 70 ಡಿಗ್ರಿ ಬಿಸಿಯಲ್ಲಿ ಸುಮಾರು 20 ನಿಮಿಷ ಒಣಗಿಸಬೇಕು. ಅಷ್ಟರಲ್ಲಿ ಒಂದು ಧೂಳಿನ ಕಣ ಕೂತರೆ ಅದರ ಸುತ್ತ ರಂಧ್ರ. ಅಂಚಿನಲ್ಲಿ ದಪ್ಪ, ನಡುವೆ ತೆಳು. ದಪ್ಪ ಕಡೆಗೆ ಬೇಕಾದ ಬೆಳಕು ಬೇರೆ, ತೆಳುವಿಗೆ ಬೇರೆ. ಅಮೆರಿಕದ ಡ್ಯೂಪಾಂಟ್ ಕಂಪನಿ 1968ರಲ್ಲಿ ರಿಸ್ಟನ್ ಹೆಸರಿನ ಡ್ರೈ ಫಿಲಂ ತಂದಾಗ ಕಾರ್ಖಾನೆಯವರೂ ಅದರ ಕಡೆ ತಿರುಗಿದ್ದು ಇಂಥ ರಗಳೆಗೇ: ಫಿಲಂ ದಪ್ಪ ಎಲ್ಲಾ ಕಡೆ ಒಂದೇ, ಅಂಟಿಸಿದರೆ ಮುಗಿಯಿತು.

ಅಂಕಲ್, ನಾನು 9ನೇ ಕ್ಲಾಸ್. ಬೋರ್ಡ್ ಚೆನ್ನಾಗಿ ಬಂತು! ಮೇಲಿರೋ ನೀಲಿ ಫಿಲಂ ಹೇಗೆ ತೆಗೆಯೋದು? ಉಳಿದ ಫೆರಿಕ್ ಕ್ಲೋರೈಡ್ ಕಬ್ಬಿಣದ ಅಂಶ ಅಲ್ವಾ, ತೆಂಗಿನಮರದ ಬುಡಕ್ಕೆ ಹಾಕು ಅಂತಾರೆ ಅಜ್ಜಿ.
— ತುಮಕೂರು

ಶಭಾಷ್ ಪುಟ್ಟಾ! ಅಜ್ಜಿಗೆ ನಮಸ್ಕಾರ ಹೇಳು, ಆದರೆ ತೆಂಗಿನಮರಕ್ಕೆ ಮಾತ್ರ ಬೇಡ. ಅದರಲ್ಲಿ ಈಗ ನಿನ್ನ ಬೋರ್ಡಿನ ತಾಮ್ರ ಕರಗಿದೆ, ಹುಳಿಯೂ ಇದೆ. ಅಷ್ಟು ತಾಮ್ರ ಬೇರಿಗೆ ವಿಷ. ಸಿಂಕಿಗೂ ಸುರಿಯಬೇಡ. ಪ್ಲಾಸ್ಟಿಕ್ ಬಾಟಲಿಯಲ್ಲಿ ಮುಚ್ಚಿಡು, ಇನ್ನೂ ಎಷ್ಟೋ ಬೋರ್ಡಿಗೆ ಬರುತ್ತದೆ. ತೀರಾ ನಿಧಾನವಾದ ಮೇಲೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ಸ್ವಲ್ಪವೇ ವಾಷಿಂಗ್ ಸೋಡಾ ಹಾಕಬೇಕು. ಬುಸ್ ಅಂತ ನೊರೆ ಉಕ್ಕುತ್ತದೆ, ಅದಕ್ಕೇ ದೊಡ್ಡ ಬಕೆಟ್. ನೊರೆ ನಿಂತ ಮೇಲೆ ತಳದಲ್ಲಿ ಕೆಸರು ಕೂರುತ್ತದೆ. ಆ ಕೆಸರನ್ನು ಒಣಗಿಸಿ ಕಟ್ಟಿ, ಹಾನಿಕಾರಕ ಕಸ ಅಂತ ಬೇರೆಯಾಗಿಯೇ ಕೊಡಬೇಕು.

ಫಿಲಂ ತೆಗೆಯಲು ಲೀಟರಿಗೆ 20–30 ಗ್ರಾಂ ಕಾಸ್ಟಿಕ್ ಸೋಡಾ ಹಾಕಿದ ನೀರು. ಕೆಲವು ನಿಮಿಷದಲ್ಲಿ ಬಿಸಿಲಿಗೆ ಸುಟ್ಟ ಚರ್ಮದ ಹಾಗೆ ಸಿಪ್ಪೆ ಸಿಪ್ಪೆಯಾಗಿ ಬಿಡುತ್ತದೆ. ಆದರೆ ಇದನ್ನು ನೀನೊಬ್ಬನೇ ಮಾಡಬೇಡ. ಅಪ್ಪನೋ ಅಮ್ಮನೋ ವಿಜ್ಞಾನದ ಮೇಷ್ಟ್ರೋ ಕಾಸ್ಟಿಕ್ ಬೆರೆಸಲಿ. ಕೈಗವಸು, ಕಣ್ಣಿಗೆ ಕನ್ನಡಕ ಇಬ್ಬರಿಗೂ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಕಾಸ್ಟಿಕ್ ಅದನ್ನೇ ತಿಂದು ಹೈಡ್ರೋಜನ್ ಬಿಡುತ್ತದೆ. ಫೆರಿಕ್ ಕ್ಲೋರೈಡನ್ನೂ ಅಷ್ಟೇ, ಅಜ್ಜಿಯ ಸ್ಟೀಲ್ ತಟ್ಟೆಗೆ ಹಾಕಬೇಡ. ಮತ್ತೆ ಯೂನಿಫಾರ್ಮ್ ಹಾಕಿಕೊಂಡು ಕೂರಬೇಡ ಪುಟ್ಟಾ. ಬಿಳಿ ಅಂಗಿ ಮೇಲೆ ಒಂದು ಹನಿ ಬಿದ್ದರೂ ಆ ಹಳದಿ ಕಲೆ ಹೋಗುವುದಿಲ್ಲ, ನನ್ನ ಬೀರುವಿನಲ್ಲಿ ಅಂಥವು ಮೂರಿವೆ.